ಒಲೆ ಪುಸ್ತಕದ ನಲವತ್ತೊಂದನೇ ಪುಟ

2025ರ ಆಗಸ್ಟ್ 24, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಹನ್ನೆರಡು ನಿಮಿಷ. ಅವಿನಾಶಿಯಲ್ಲಿ ತಂಗಮಣಿಯ ಮನೆಯ ಮುಂಗೋಣೆಯಲ್ಲಿ ಗೋಕಿಲಾ ಚಾಪೆಯ ಮೇಲೆ ಕೂತು ವೀಳ್ಯದೆಲೆಗಳನ್ನು ಒರೆಸಿ ಐದೈದಾಗಿ ಜೋಡಿಸುತ್ತಿದ್ದಳು. ಆ ನಿಮಿಷ ಅವಳಿಗೆ ನೆನಪಿರುವುದಕ್ಕೆ ಕಾರಣವಿದೆ. ಆಮೇಲೆ ಎಲ್ಲರೂ ಅಲ್ಲಿಂದಲೇ ಲೆಕ್ಕ ಹಾಕಿದರು.

ತಂಗಮಣಿಯ ಫೋನು ಬಡಿದುಕೊಂಡಿತು. ಕೇಸರಿಬಾತಿಗೆ ತುಪ್ಪ ಕಾಯಿಸುತ್ತಿದ್ದ ಅವಳು ಜಿಡ್ಡು ಕೈಯ ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದಳು. ತಿರುಪ್ಪೂರಿನಿಂದ ದೇವರಾಜನ್. ಹುಡುಗ ದಿವಾಕರನ ಚಿಕ್ಕಪ್ಪ, ಆ ಮನೆಯ ಹಿರಿಯ. ಹನ್ನೊಂದಕ್ಕೆ ಅವರೆಲ್ಲ ಬಂದು ತಾಂಬೂಲ ಬದಲಾಯಿಸಿಕೊಂಡು, ತಂಗಮಣಿಯ ಮಗಳು ಅಭಿನಯಾಳನ್ನು ದಿವಾಕರನಿಗೆ ನಿಶ್ಚಯ ಮಾಡಿಕೊಳ್ಳಬೇಕಿತ್ತು.

"ಹೊರಟ್ರಾ ಸಂಬಂದಿ?" ಎಂದಳು ತಂಗಮಣಿ, ಬೀಗರನ್ನು ಕೂಗುವ ಹಾಗೆ.

"ಹೊರಡ್ತಾ ಇಲ್ಲಮ್ಮ." ದೇವರಾಜನ್ ಗಂಟಲು ಸರಿಮಾಡಿಕೊಂಡರು. "ನಿಮ್ಮನ್ನ ಸಂಬಂದಿ ಅಂತ ಕೂಗ್ಲಾ, ಅತ್ತಿಗೆ ಅಂತ ಕೂಗ್ಲಾ ಅಂತಾನೇ ನಂಗೆ ತಿಳೀತಾ ಇಲ್ಲ. ನೀವೂ ಹಾಲ್ಮನೆಯೋರೇ ಅಂತೆ. ಇದನ್ನ ಮೊದ್ಲೇ ಹೇಳಬಾರ್ದಾ?"

"ಯಾರ್ ಹೇಳಿದ್ದು? ನಾವು ಕಂಚಿನೋರು! ನಮ್ಮ ಯಜಮಾನ್ರು ಕಂಚಿನೋರು!"

"ನಿಮ್ಮ ವಿಕಿಯೇ ಹೇಳ್ತಿದೆ. ಗ್ರೂಪಲ್ಲಿ ಹಾಕಿದಾರೆ, ನೋಡ್ಕೊಳ್ಳಿ."

ಫೋನು ನಿಂತಿತು. ತುಪ್ಪ ಹೊಗೆಯಾಡತೊಡಗಿತು. ತಂಗಮಣಿ ಒಲೆ ಆರಿಸದೆ ಗೋಕಿಲಾಳನ್ನೇ ನೋಡಿದಳು. ಏಕೆಂದರೆ ಕುಲದ ವಿಕಿ ಜಾಲತಾಣದ ಆ ಪುಟಗಳನ್ನು ಮಾಡಿದ್ದವಳು ಗೋಕಿಲಾ.

ನೂರಾರು ವರ್ಷದ ಹಿಂದೆ ಮಗ್ಗ ಹೊತ್ತು ಈ ಕಡೆ ಬಂದ ಕನ್ನಡದ ಮನೆಗಳು ಅವರವು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಬರೆಯುವುದೇನಿದ್ದರೂ ತಮಿಳಕ್ಷರದಲ್ಲಿ. ಮದುವೆಯ ಮಾತು ಬಂದಾಗ ಮಾತ್ರ ಮೊದಲು ಕೇಳುವುದು ಬೆಡಗು ಯಾವುದೆಂದು. ಒಂದೇ ಬೆಡಗಿನ ಹುಡುಗ ಹುಡುಗಿ ಅಣ್ಣತಂಗಿಯರು, ಎಷ್ಟೇ ದೂರದ ಊರಿನವರಾದರೂ ಸರಿ. ದಿವಾಕರನ ಮನೆಯವರು ಹಾಲ್ಮನೆಯವರು. ಗೋಕಿಲಾಳೂ ಅವಳ ಅಪ್ಪ ಮುತ್ತುಸಾಮಿಯೂ ಹಾಲ್ಮನೆಯವರೇ. ತಂಗಮಣಿಯ ಗಂಡ ರಾಮಸಾಮಿ ಕಂಚಿನವರು. ಅವರು ತೀರಿಕೊಂಡು ಆರು ವರ್ಷವಾಗಿತ್ತು.

ಗೋಕಿಲಾ ಫೋನು ತೆರೆದಳು. ಮುನ್ನೂರ ಹನ್ನೆರಡು ಜನರಿರುವ ಕುಲದ ಗ್ರೂಪಿನಲ್ಲಿ ಹಿಂದಿನ ರಾತ್ರಿ ಯಾರೋ ಸ್ಕ್ರೀನ್‌ಶಾಟು ಹಾಕಿದ್ದರು. ಮೇಲೆ ದೊಡ್ಡ ತಲೆಬರಹ: ಹಾಲ್ಮನೆಯವರು. ಅದರ ಕೆಳಗೆ ಚಿಕ್ಕ ತಲೆಬರಹ: ಅವಿನಾಶಿ, ಗೋವಿಂದಸಾಮಿಯ ಒಲೆ. ಅದರಡಿ ಮೂರು ಚುಕ್ಕೆ, ಮೂರು ಹೆಸರು. ಮುತ್ತುಸಾಮಿ, ಪಾಪಾತಿ, ರಾಮಸಾಮಿ. ಮೂರೂ ಒಂದೇ ನೇರದಲ್ಲಿ ನಿಂತಿದ್ದವು, ಒಂದೇ ತಂದೆಯ ಮೂರು ಮಕ್ಕಳಂತೆ.

ಮೂರನೆಯವರು, ತಂಗಮಣಿಯ ಗಂಡ, ಗೋವಿಂದಸಾಮಿಯ ಮಗನಲ್ಲ. ಪಾಪಾತಿಯ ಮಗ. ಗೋಕಿಲಾಳ ಸೋದರತ್ತೆ ಪಾಪಾತಿ ಮದುವೆಯಾದ ಎರಡನೇ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಕೈಗೂಸಿನ ಜೊತೆ ತವರಿಗೆ ಬಂದವಳು. ಆ ಕೂಸು ಅಜ್ಜನ ಮನೆಯಲ್ಲಿ ಬೆಳೆಯಿತು. ತಂದೆಯ ಬೆಡಗು ಕಂಚಿನವರದು, ಆದ್ದರಿಂದ ಕೂಸಿನದೂ ಅದೇ. ಇದು ಗೋಕಿಲಾಳಿಗೆ ಅ ಆ ಇ ಈ ತಿಳಿಯುವ ಮೊದಲೇ ತಿಳಿದಿದ್ದ ವಿಷಯ. ಚಿಕ್ಕಂದಿನಲ್ಲಿ ಅವರನ್ನು ಬಾವ ಎಂದು ಕೂಗಿ, ಅವರ ಹೆಗಲೇರಿ, ಅವರ ಸೈಕಲ್ಲಿನಲ್ಲೇ ಶಾಲೆಗೆ ಹೋದವಳು ಅವಳು.

ಹಾಗಿದ್ದರೆ ಇದು ಹೇಗಾಯಿತು? ಹೇಗಾಯಿತೆಂದು ಗೋಕಿಲಾಳಿಗೆ ಒಂದು ಕ್ಷಣದಲ್ಲಿ ಹೊಳೆಯಿತು, ಹೊಳೆದ ಮೇಲೆ ಕೈಯಲ್ಲಿದ್ದ ಎಲೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಅವರ ಕುಲದಲ್ಲಿ ವಂಶದ ಪುಸ್ತಕವೆಂಬುದಿಲ್ಲ. ಇದ್ದದ್ದು ಒಲೆ ಪುಸ್ತಕ. ಅಮ್ಮನವರ ಹಬ್ಬಕ್ಕೆ ಪ್ರತಿ ಒಲೆಯಿಂದ ಒಂದು ಪಡಿ ಅಕ್ಕಿ, ಒಂದು ತೆಂಗಿನಕಾಯಿ. ಹಬ್ಬ ಮುಗಿದ ಮೇಲೆ ಆ ಒಲೆಯಲ್ಲಿ ಉಣ್ಣುವವರೆಷ್ಟೋ ಅಷ್ಟು ಪಾಲು ಪ್ರಸಾದ. ಅದಕ್ಕಾಗಿ ಯಾವ ಒಲೆಯಲ್ಲಿ ಯಾರು ಯಾರು ಉಣ್ಣುತ್ತಾರೆಂದು ಬರೆದಿಡುತ್ತಿದ್ದರು. ಯಾರು ಯಾರಿಗೆ ಹುಟ್ಟಿದರೆಂದು ಬರೆಯುತ್ತಿರಲಿಲ್ಲ. ಅದೇನು ಬರೆಯುವ ಸಂಗತಿಯೇ? ಎಲ್ಲರಿಗೂ ಗೊತ್ತಿರುವುದನ್ನು ಬರೆಯಲು ಕಾಗದವೂ ಹೆಚ್ಚಿರಲಿಲ್ಲ. ಹೆಸರುಗಳು ಎಡದಂಚಿಗೆ ಒತ್ತಿಕೊಂಡು ಒಂದರ ಕೆಳಗೊಂದು ಇಳಿಯುತ್ತಿದ್ದವು.

ಪುಸ್ತಕದ ಕಾವಲು ಮುತ್ತುಸಾಮಿಯದು. ಹೋದ ವರ್ಷ ಹಾಳೆಗಳು ಹುಳು ಹಿಡಿದು ಉದುರತೊಡಗಿದಾಗ, ಕುಲದ ಯುವಕರ ಸಂಘ ಒಂದು ವಿಕಿ ತೆರೆದು ಎಲ್ಲವನ್ನೂ ಅದಕ್ಕೆ ಏರಿಸಬೇಕೆಂದಿತು. ಗೋಕಿಲಾ ಪೀಳಮೇಡಿನ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವಳು. ಅಳತೆಯಲ್ಲಿ ತಪ್ಪದವಳೆಂದು ಹೆಸರು. ತಾನೇ ಮಾಡುತ್ತೇನೆಂದಳು. ಐವತ್ತೆಂಟು ಪುಟಗಳ ಚಿತ್ರ ತೆಗೆದು, ಎರಡೆರಡಾಗಿ ಎಐ ಸಹಾಯಕನಿಗೆ ಕೊಟ್ಟಳು. ಏನು ಬೇಕೆಂಬುದನ್ನು ಸ್ಪಷ್ಟವಾಗಿ ಬರೆದಿದ್ದಳು: ಪ್ರತಿ ಬೆಡಗಿಗೆ ದೊಡ್ಡ ತಲೆಬರಹ, ಅದರಡಿ ಪ್ರತಿ ಒಲೆಗೆ ಚಿಕ್ಕ ತಲೆಬರಹ, ಅದರಡಿ ಮನೆಯ ಜನ, ತಲೆಮಾರಿಗೊಂದು ಹೆಜ್ಜೆ ಒಳಸರಿದು ಪಟ್ಟಿಯೊಳಗೆ ಪಟ್ಟಿಯಾಗಿ.

ತಲೆಮಾರು ಪುಸ್ತಕದಲ್ಲೇ ಇರಲಿಲ್ಲವಲ್ಲ, ಸಹಾಯಕ ಅದನ್ನು ಎಲ್ಲಿಂದ ತರಬೇಕು? ಹೆಸರು ನೋಡಿ, ಸಾಲಿನ ಕ್ರಮ ನೋಡಿ ಅದು ಊಹಿಸಿತು. ಬಹುಮಟ್ಟಿಗೆ ಸರಿಯಾಗಿಯೇ ಊಹಿಸಿತು. ಎಲ್ಲಿ ಊಹಿಸಿತೋ ಅಲ್ಲೆಲ್ಲ ಉತ್ತರದ ಕೊನೆಯಲ್ಲಿ ಟಿಪ್ಪಣಿ ಬರೆಯಿತು. ಮೊದಮೊದಲು ಗೋಕಿಲಾ ಪ್ರತಿ ಟಿಪ್ಪಣಿಯನ್ನೂ ಓದಿ, ಅಪ್ಪನನ್ನು ಕೇಳಿ, ತಿದ್ದಿದಳು. ಅಪ್ಪನ ಕಣ್ಣಿಗೆ ಪೊರೆ. ಆದ್ದರಿಂದ ಹದಿನೇಳು ಸಂಜೆ ಕೂತು ಓದಿ ಕೇಳಿಸಿದಳು. "ಅಲ್ಲ ಕಣ್ಣು, ಆ ಸಾಂತಿ ಅವನ ಮಗಳಲ್ಲ, ಎರಡನೇ ಸೊಸೆ" ಎಂದು, ಮಗಳನ್ನು ಮುದ್ದಿಗೆ ಕಣ್ಣು ಎಂದೇ ಕರೆಯುವ ಮುದುಕರು ರೆಪ್ಪೆ ಮುಚ್ಚಿಕೊಂಡೇ ಹಿಡಿಯುತ್ತಿದ್ದರು.

ನಲವತ್ತೊಂದನೇ ಪುಟಕ್ಕೆ ಬಂದಾಗ ಇಬ್ಬರೂ ನಕ್ಕರು. ಅದು ಅವರದೇ ಮನೆ. "ಗೋವಿಂದಸಾಮಿ, ಮುತ್ತುಸಾಮಿ, ಪಾಪಾತಿ, ರಾಮಸಾಮಿ" ಎಂದು ಗೋಕಿಲಾ ಒಂದೇ ಉಸಿರಿಗೆ ಓದಿದಳು. "ಆಮಾ, ಸರಿ. ನಮ್ಮನೆ ಪುಟಕ್ಕೂ ಇಷ್ಟು ಹೊತ್ತಾ, ಮುಂದಕ್ ಹೋಗು" ಎಂದರು ಮುತ್ತುಸಾಮಿ. ಹೆಸರುಗಳ ಕ್ರಮ ಸರಿಯಾಗಿಯೇ ಇತ್ತು. ಯಾವ ಹೆಸರು ಎಷ್ಟು ಒಳಗೆ ಸರಿದು ನಿಂತಿದೆ ಎಂಬುದು ಓದಿದರೆ ಕೇಳಿಸುವುದಿಲ್ಲ. ಆ ಪುಟದ ಕೊನೆಯ ಟಿಪ್ಪಣಿಯನ್ನು ಅವಳು ಓದಲಿಲ್ಲ. ಬೇರೆಯವರ ಮನೆಗಳನ್ನು ಮೂರು ಮೂರು ಸಲ ನೋಡಿದವಳು ತನ್ನ ಮನೆಯನ್ನು ಒಮ್ಮೆಯೂ ನೋಡದೆ "ಸರಿ, ಮುಂದೆ" ಎಂದು ಬರೆದಳು. ಪುಸ್ತಕದಲ್ಲಿ ಆರುನೂರ ಹದಿನೆಂಟು ಹೆಸರು, ವಿಕಿಯಲ್ಲೂ ಆರುನೂರ ಹದಿನೆಂಟು. ಎಣಿಕೆ ಕೂಡಿಬಂದದ್ದಕ್ಕೆ ಖುಷಿಯಾಗಿ ಪ್ರತಿ ಪುಟದ ಅಡಿಯಲ್ಲೂ ಒಂದು ಸಾಲು ಸೇರಿಸಿದ್ದಳು: ಓದಿಸಿ ಕೇಳಿ ಒಪ್ಪಿದವರು, ಅವಿನಾಶಿ ಮುತ್ತುಸಾಮಿ.

ಈಗ ಆ ಹಳೆಯ ಸಂಭಾಷಣೆಯನ್ನು ಹುಡುಕಿ ತೆಗೆದಳು. ಟಿಪ್ಪಣಿ ಅಲ್ಲೇ ಇತ್ತು. 'ರಾಮಸಾಮಿಯವರ ಸಂಬಂಧ ಮೂಲದಲ್ಲಿ ಬರೆದಿಲ್ಲ. ಗೋವಿಂದಸಾಮಿಯವರ ಮಗನೆಂದು ಭಾವಿಸಿ ಇಟ್ಟಿದ್ದೇನೆ. ದಯವಿಟ್ಟು ಖಚಿತಪಡಿಸಿ.'

ಸಹಾಯಕನನ್ನು ಬೈಯೋಣವೆಂದರೆ ಬೈಯಲು ಅಲ್ಲಿ ಏನೂ ಉಳಿದಿರಲಿಲ್ಲ.

"ತಿದ್ದು ಮೊದ್ಲು!" ಎಂದಳು ತಂಗಮಣಿ. "ಕೂತ್ಕೊಂಡು ಏನ್ ನೋಡ್ತೀಯಾ? ತಿದ್ದಿ ಅವ್ರಿಗೆ ಕಳ್ಸು!"

ತಿದ್ದುವುದು ಎಷ್ಟರ ಕೆಲಸ? ತಿದ್ದುವ ಪರದೆಯಲ್ಲಿ ರಾಮಸಾಮಿಯ ಹೆಸರಿನ ಎಡಕ್ಕೆ ಚುಕ್ಕೆಯ ಬದಲು ಒಂದು ನಕ್ಷತ್ರಚಿಹ್ನೆ ಇತ್ತು, ಎರಡು ಮಾಡಿದಳು. ಹೆಸರು ಒಂದು ಹೆಜ್ಜೆ ಒಳಸರಿದು ಪಾಪಾತಿಯ ಅಡಿಗೆ ಹೋಗಿ ನಿಂತಿತು. ಪಕ್ಕದಲ್ಲಿ 'ಮಗಳ ಮಗ, ತಂದೆಯ ಬೆಡಗು ಕಂಚಿನವರು' ಎಂದು ಸೇರಿಸಿ, ಉಳಿಸಿ, ಕೊಂಡಿಯನ್ನು ದೇವರಾಜನ್‌ಗೆ ಕಳಿಸಿದಳು. ಗ್ರೂಪಿಗೂ ಒಂದು ವಿವರಣೆ ಬೇಕಲ್ಲ, ಅದನ್ನು ಬರೆಯಲು ಸಹಾಯಕನಿಗೇ ಹೇಳಿದಳು. ಅದು ಅರೆ ನಿಮಿಷದಲ್ಲಿ ಬರೆದುಕೊಟ್ಟಿತು, ಹಿನ್ನೆಲೆ, ಆದ ಲೋಪ, ಸರಿಪಡಿಸಿದ ಬಗೆ ಎಂದು ಮೂರು ತಲೆಬರಹ ಹಾಕಿ, ಒಂದೊಂದರಡಿ ಅಂದವಾದ ಪಟ್ಟಿ. ಹಾಕಿದಳು. ಒಬ್ಬರು ಕೈಮುಗಿಯುವ ಚಿತ್ರ ಹಾಕಿದರು. ಇನ್ನೊಬ್ಬರು ಎಲ್ಲೆಂದರಲ್ಲಿ ಹಾಕುವಂತೆ ಶುಭೋದಯದ ತಾವರೆ ಹಾಕಿದರು. ಮೂರನೆಯವರು ಬರೆದರು: "ಇಷ್ಟುದ್ದ ವಿವರಣೆ ಬೇಕಾಯ್ತು ಅಂದ್ರೆ ಒಳಗೆ ಏನೋ ಇದೆ."

ಅಭಿನಯಾ ಒಳಗಿನಿಂದ ಬಂದಳು. ಹಸಿರು ರೇಷ್ಮೆ, ಅರ್ಧ ಮುಡಿದ ಮಲ್ಲಿಗೆ. ಶರವಣಂಪಟ್ಟಿಯ ಆಫೀಸಿನಲ್ಲಿ ಗಿರಾಕಿಗಳ ದೂರು ಕೇಳುವ ಕೆಲಸ ಅವಳದು. ಮೂರು ಸಂಬಂಧ ಬೇಡವೆಂದು, ಈ ನಾಲ್ಕನೆಯದಕ್ಕೆ ತಾನೇ ಹೂಂ ಎಂದವಳು. ನಾಲ್ಕು ತಿಂಗಳಿಂದ ದಿನಾ ಸಂಜೆ ಅವನ ಜೊತೆ ಮಾತಾಡಿಯೇ ಬಸ್ಸು ಇಳಿಯುತ್ತಿದ್ದಳು.

"ದಿವಾಕರ್ ಫೋನ್ ತೆಗೀತಾ ಇಲ್ಲ ಚಿಕ್ಕಿ," ಎಂದಳು.

ಗೋಕಿಲಾ ಒಲೆ ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ, ಅಪ್ಪನನ್ನು ಕಾರಿಗೆ ಹತ್ತಿಸಿ, ಹನ್ನೆರಡೂವರೆಗೆ ತಿರುಪ್ಪೂರು ಸೇರಿದಳು.

ಮನೆ ಮಹಡಿಯ ಮೇಲೆ, ಕೆಳಗೆ ದಿವಾಕರನ ಲೇಬಲ್ ಅಂಗಡಿ. ಬನಿಯನ್ನುಗಳ ಕತ್ತಿಗೆ ಹೊಲಿಯುವ ಪುಟ್ಟ ಪಟ್ಟಿಗಳನ್ನು ಅಲ್ಲಿ ಅಚ್ಚು ಹಾಕುತ್ತಾರೆ. ಭಾನುವಾರವಾದ್ದರಿಂದ ಯಂತ್ರ ನಿಂತಿತ್ತು. ಅದರ ಮೇಲೆ ಬಿಳಿಯ ಸ್ಯಾಟಿನ್ ಸುರುಳಿಯೊಂದು ಅರ್ಧ ಬಿಚ್ಚಿಕೊಂಡು ಬಿದ್ದಿತ್ತು. ತಾಂಬೂಲದ ಚೀಲಗಳಿಗೆ ಹೊಲಿಯಲೆಂದು ಮಾಡಿಸಿದ್ದು. ಅಭಿನಯಾ ದಿವಾಕರ್, ಅಭಿನಯಾ ದಿವಾಕರ್, ಅಭಿನಯಾ ದಿವಾಕರ್ ಎಂದು ಮೊಳಗಟ್ಟಲೆ ಓಡಿತ್ತು. ಗೋಕಿಲಾ ಅಪ್ಪನ ಕೈ ಹಿಡಿದು ಅದನ್ನು ದಾಟಿಸಿ ಮೆಟ್ಟಿಲು ಹತ್ತಿಸಿದಳು.

ದೇವರಾಜನ್ ಎದ್ದು ನಿಂತು ಕೈಮುಗಿದರು. "ಬನ್ನಿ ಅಣ್ಣಾ. ಬಿಸ್ಲಲ್ಲಿ ನೀವ್ಯಾಕೆ ಬಂದ್ರಿ?" ಬೆಡಗು ಒಂದೇ ಆದ್ದರಿಂದ ಅವರಿಗೆ ಮುತ್ತುಸಾಮಿ ಯಾವಾಗಲೂ ಅಣ್ಣ. ದಿವಾಕರ್ ನೀರು ತಂದಿಟ್ಟು, ಬಾಗಿಲ ಬಳಿ ಹೋಗಿ ಗೋಡೆಗೆ ಒರಗಿ ನಿಂತ.

ಪುಸ್ತಕ ಬಿಚ್ಚಿದ್ದಾಯಿತು. ದೇವರಾಜನ್ ಕನ್ನಡಕ ಹಾಕಿಕೊಂಡು ನಲವತ್ತೊಂದನೇ ಪುಟದ ಮೇಲೆ ಬೆರಳಿಟ್ಟರು.

"ಇಲ್ಲೂ ಹಂಗೇ ಇದೆಯಲ್ಲಣ್ಣಾ. ಗೋವಿಂದಸಾಮಿ ಒಲೆ. ನೀವು, ಪಾಪಾತಿಯಮ್ಮ, ರಾಮಸಾಮಿ."

"ಅದು ಒಲೆ ಕಣಪ್ಪಾ," ಎಂದರು ಮುತ್ತುಸಾಮಿ. "ಯಾರ್ ಯಾರಿಗೆ ಊಟ ಹಾಕಿದ್ರು ಅಂತ. ಯಾರ್ ಯಾರ್ನ ಹೆತ್ರು ಅಂತಲ್ಲ. ನಮ್ಮಕ್ಕ ಕೂಸು ಎತ್ಕೊಂಡು ಬಂದಾಗ ನಂಗೆ ಹದಿನಾರು. ಆ ಕೂಸಿನ ತೊಟ್ಲು ನಾನೇ ಕಟ್ಟಿದ್ದು. ಸಾಯೋವರೆಗೂ ನನ್ನ ಮಾಮಾ ಅಂತಾನೇ ಕೂಗ್ದ. ತಮ್ಮ ಆಗಿದ್ರೆ ಮಾಮಾ ಅಂತಿದ್ನಾ?"

"ಅಭಿನಯಾ ನನ್ನ ಚಿಕ್ಕಿ ಅಂತಾಳೆ," ಎಂದಳು ಗೋಕಿಲಾ. "ಅವಳಪ್ಪ ನಮ್ಮಪ್ಪನ ತಮ್ಮ ಆಗಿದ್ರೆ ನಾನು ಅವಳಿಗೆ ಅಕ್ಕ ಆಗ್ಬೇಕಿತ್ತು. ಹುಟ್ಟಿದಾಗಿಂದ ಒಂದ್ಸಲ ಆದ್ರೂ ಅಕ್ಕ ಅಂದಿದ್ದು ಯಾರಾದ್ರೂ ಕೇಳಿದಾರಾ, ಕೇಳಿ."

ದೇವರಾಜನ್ ತಲೆದೂಗಿದರು. ಫೋನು ತೆಗೆದು ವಿಕಿಯ ಪುಟದ ಇತಿಹಾಸ ತೋರಿಸಿದರು. ಯಾವ ಪುಟವನ್ನು ಯಾರು ಯಾವಾಗ ತಿದ್ದಿದರೆಂದು ಅದು ಬರೆದಿಟ್ಟುಕೊಳ್ಳುತ್ತದೆ.

"ನಾನು ಫೋನ್ ಮಾಡಿದ್ದು ಹತ್ತು ಹನ್ನೆರಡಕ್ಕೆ. ನೀವು ತಿದ್ದಿದ್ದು ಹತ್ತು ಮೂವತ್ತೊಂದಕ್ಕೆ. ಐದು ತಿಂಗಳು ಸುಮ್ನಿದ್ದ ಪುಟ, ನಾವು ಬರಲ್ಲ ಅಂದ ಹತ್ತೊಂಬತ್ತು ನಿಮಿಷಕ್ಕೆ ಬದಲಾಗಿದೆ. ಗ್ರೂಪಲ್ಲಿ ಇದನ್ನೂ ಹಾಕಿದಾರೆ. ನೋಡಿದೋರು ಏನಂತಾರೆ ಮಗಳೇ?"

"ತಪ್ಪಿತ್ತು, ಅದಕ್ಕೇ ತಿದ್ದಿದೆ."

"ಇರ್ಬಹುದು. ಆದ್ರೆ ಅಡಿಯಲ್ಲಿ ಇದೇನು? ಓದಿಸಿ ಕೇಳಿ ಒಪ್ಪಿದವರು, ಮುತ್ತುಸಾಮಿ. ಒಪ್ಪಿದ್ರಾ ಅಣ್ಣಾ?"

ಮುತ್ತುಸಾಮಿ ಮಗಳ ಕಡೆ ಮುಖ ತಿರುಗಿಸಿದರು. ಅವರ ಕಣ್ಣಿಗೆ ಅವಳು ಕಂಡಳೋ ಇಲ್ಲವೋ.

"ಸರಿ ಅಂದೆ," ಎಂದರು. "ಓದಿದ್ಲು. ಹೆಸ್ರು ಸರಿಯಾಗೇ ಇತ್ತು. ಸರಿ ಅಂದೆ."

ದೇವರಾಜನ್ ಪುಸ್ತಕವನ್ನು ಎರಡೂ ಕೈಯಿಂದ ಮುಚ್ಚಿ, ಟವೆಲ್ಲು ಸುತ್ತಿ, ಮುದುಕರ ಮಡಿಲಿಗೆ ಇಟ್ಟರು.

"ನಾನು ನಂಬ್ತೀನಿ ಅಣ್ಣಾ. ನೀವು ಸುಳ್ಳು ಹೇಳೋರಲ್ಲ ಅಂತ ಈ ಜಿಲ್ಲೆಗೇ ಗೊತ್ತು. ನಾನೊಬ್ಬ ನಂಬಿ ಏನು ಪ್ರಯೋಜನ?"

"ನೀವು ನಂಬಿದ್ರೆ ಸಾಲ್ದಾ?" ಎಂದಳು ಗೋಕಿಲಾ. "ಗ್ರೂಪಲ್ಲಿ ನೀವೊಂದು ಮಾತು ಬರೀರಿ. ಹಿರಿಯರು ನೀವು."

ಆಗ ಒಳಗಿನಿಂದ ದಿವಾಕರನ ತಾಯಿ ಕಮಲಾತಾಳ್ ಬಂದರು. ಅತ್ತು ಕಣ್ಣು ಊದಿದ್ದವು. ಅವರ ಮಾತಿನಲ್ಲಿ ಜಗಳದ ಸುಳಿವೂ ಇರಲಿಲ್ಲ, ಅದನ್ನೇ ಗೋಕಿಲಾಳಿಗೆ ತಡೆಯಲಾಗಲಿಲ್ಲ.

"ಬರೆದ್ರೆ ಅವ್ರು ಒಪ್ಪಬಹುದು ಕಣಮ್ಮ. ನಾನು? ನಿನ್ನೆ ರಾತ್ರಿ ಅದನ್ನ ನೋಡಿ ಎದೆ ಒಡೆದೋಯ್ತು. ಇವನ್ನ ಕರ್ದು ದೇವ್ರ ಮುಂದೆ ನಿಲ್ಸಿ, ಆ ಪೊಣ್ಣು ನಿಂಗೆ ತಂಗಿ ಕಣೋ, ಮನಸಲ್ಲಿ ಇರೋದನ್ನ ತೆಗೆದ್ಹಾಕು ಅಂದೆ. ಕರ್ಪೂರ ಹಚ್ಚಿಸ್ದೆ. ತಂಗಿ ಅಂತ ಇವನ ಬಾಯಲ್ಲೂ ಹೇಳಿಸ್ದೆ. ಈಗ ಅಲ್ಲ ಅಂದ್ರೆ? ಈ ಬಾಯಿಂದ ಅವಳನ್ನ ಸೊಸೆ ಅಂತ ಹೆಂಗ್ ಕೂಗ್ಲಿ, ನೀನೇ ಹೇಳು."

ಗೋಕಿಲಾ ದಿವಾಕರನನ್ನು ನೋಡಿದಳು. ಅವನು ತನ್ನ ಉಗುರು ನೋಡಿಕೊಳ್ಳುತ್ತಿದ್ದ.

"ಹೇಳಿದೆಯಾ?" ಎಂದು ಕೇಳಿದಳು.

"ಹೇಳಿದೆ ಅಕ್ಕಾ," ಎಂದ. "ಅಮ್ಮ ಅಳ್ತಾ ಇದ್ರು. ಏನ್ ಮಾಡ್ಲಿ? ನಿಜ ಅನ್ಕೊಂಡೆ."

ಕಾಫಿ ಬಂತು. ಕುಡಿಯದಿದ್ದರೆ ಅವರಿಗೆ ನೋವಾಗುತ್ತದೆಂದು ಕುಡಿದರು. ಹೊರಡುವಾಗ ದೇವರಾಜನ್ ಮೆಟ್ಟಿಲಿಳಿದು ಕಾರಿನವರೆಗೂ ಬಂದರು. "ಒಂದು ವರ್ಷ ಹೋಗ್ಲಿ ಅಣ್ಣಾ, ನೋಡೋಣ" ಎಂದರು. ಆ ಮಾತಿನ ಬೆಲೆ ಏನೆಂದು ಮೂವರಿಗೂ ಗೊತ್ತಿತ್ತು.

ದಾರಿಯಲ್ಲಿ ಮುತ್ತುಸಾಮಿ ಪುಸ್ತಕವನ್ನು ತಬ್ಬಿಕೊಂಡೇ ಕೂತಿದ್ದರು. ಅವಿನಾಶಿಯ ಸೇತುವೆ ದಾಟಿದ ಮೇಲೆ ಒಮ್ಮೆ ಬಾಯಿ ಬಿಟ್ಟರು. "ಒಳಗ್ ಸರಿದು ನಿಂತಿದಾನಾ ಅಂತ ನಾನು ಕೇಳ್ಬೇಕಿತ್ತಾ ಕಣ್ಣು?"

"ಇಲ್ಲಪ್ಪಾ. ನಾನು ನೋಡ್ಬೇಕಿತ್ತು."

ತಂಗಮಣಿ ಬಾಗಿಲಲ್ಲೇ ಇದ್ದಳು. ಗೋಕಿಲಾಳ ಮುಖ ನೋಡಿ ಒಳಗೆ ಹೋಗಿ, ಕೇಸರಿಬಾತಿನ ಪಾತ್ರೆಯನ್ನು ಎತ್ತಿ ಪಕ್ಕದ ಮನೆಗೆ ಕೊಟ್ಟು ಬಂದಳು. ಬಂದು ಕೇಳಿದಳು, "ಊಟ ಮಾಡಿದ್ರಾ ಮಾಮಾ?" ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಭಿನಯಾ ಸೀರೆ ಬಿಚ್ಚಿ ಮಡಿಚಿಟ್ಟು ಹಳೆಯ ಚೂಡಿದಾರ ಹಾಕಿಕೊಂಡಿದ್ದಳು. ನಡೆದದ್ದನ್ನೆಲ್ಲ ಕೇಳಿದಳು, ಕರ್ಪೂರದ ಮಾತನ್ನೂ ಕೇಳಿದಳು.

"ನಮ್ಮ ಆಫೀಸಲ್ಲಿ ದಿನಾ ಇದೇ ಕೆಲ್ಸ ಚಿಕ್ಕಿ," ಎಂದಳು. "ತಪ್ಪು ಸರಿಮಾಡಿ, ಸರಿಯಾಗಿದೆ ಅಂತ ಬರೆದು, ದೂರಿನ ಟಿಕೆಟ್ ಮುಚ್ತೀವಿ. ಗಿರಾಕಿ ಮಾತ್ರ ವಾಪಸ್ ಬರಲ್ಲ." ನಗಲು ನೋಡಿದಳು, ಆಗಲಿಲ್ಲ. "ಒಂದ್ ಕೇಳ್ಲಾ? ಅಪ್ಪನ್ನ ಈಗ ಎಲ್ಲಿಟ್ಟಿದೀರಾ ಪುಟದಲ್ಲಿ?"

"ಪಾಪಾತಿ ಅತ್ತೆ ಕೆಳಗೆ."

"ಅಜ್ಜಿ ಮಡ್ಲಲ್ಲಿ. ಸರಿ, ಅಲ್ಲೇ ಇರ್ಲಿ," ಎಂದು ಅಭಿನಯಾ ತಲೆಯ ಮಲ್ಲಿಗೆಯನ್ನು ತೆಗೆದು ಕಿಟಕಿಯ ಮೇಲಿಟ್ಟಳು.

ಮಾರನೆಯ ದಿನ ಸೋಮವಾರ. ಪೀಳಮೇಡಿನ ಪ್ರಯೋಗಾಲಯದಲ್ಲಿ ಮೊದಲ ವರ್ಷದವರಿಗೆ ವರ್ನಿಯರ್ ಕ್ಯಾಲಿಪರಿನ ಪಾಠ. ಗೋಕಿಲಾ ಹನ್ನೆರಡು ಕ್ಯಾಲಿಪರುಗಳನ್ನು ಒರೆಸಿ, ಶೂನ್ಯದೋಷ ನೋಡಿ, ಮೇಜುಗಳ ಮೇಲಿಟ್ಟಳು. ಮಕ್ಕಳು ಬರಲು ಇನ್ನೂ ಹೊತ್ತಿತ್ತು. ಫೋನು ತೆಗೆದು ಮೇಜಿನ ಮೇಲೆ ಮಲಗಿಸಿದಳು. ನಲವತ್ತೊಂದನೇ ಪುಟ. ಪಾಪಾತಿ, ಅದರ ಕೆಳಗೆ ಒಳಸರಿದು ರಾಮಸಾಮಿ. ಗ್ರೂಪಿನಲ್ಲಿ ಇನ್ನೂ ಹಳೆಯ ಚಿತ್ರವೇ ಓಡಾಡುತ್ತಿತ್ತು. ಇದು ನಿಜವೇ ಎಂದು ಬೆಳಿಗ್ಗೆ ಈರೋಡಿನಿಂದಲೂ ಒಬ್ಬರು ಕೇಳಿದ್ದರು.

ಕ್ಯಾಲಿಪರಿನ ಒಂದು ದವಡೆಯನ್ನು ಪಾಪಾತಿಯ ಚುಕ್ಕೆಯ ಮೇಲಿಟ್ಟಳು, ಇನ್ನೊಂದನ್ನು ರಾಮಸಾಮಿಯ ಚುಕ್ಕೆಯವರೆಗೆ ಸರಿಸಿದಳು. ಮಕ್ಕಳಿಗೆ ಹೇಳುವ ಹಾಗೆ ಉಸಿರು ಹಿಡಿದು, ನೇರ ಮೇಲಿನಿಂದ ನೋಡಿದಳು. ದಾಖಲೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡಳು. ಮತ್ತೆ ಅಳೆದಳು, ಮತ್ತೊಮ್ಮೆ ಅಳೆದಳು. ಒಳಸರಿದ ಆ ಒಂದು ಹೆಜ್ಜೆ ಮೂರು ಸಲವೂ 4.6 ಮಿಲಿಮೀಟರ್.